ಬೆರಳು ಮುಂದೆ, ಪರದೆ ಹಿಂದೆ

ಹಡಗಲಿಯಲ್ಲೋ ಕೊಟ್ಟೂರಿನಲ್ಲೋ ವಿದ್ಯಾರ್ಥಿಯೊಬ್ಬ ಟ್ಯಾಬ್ಲೆಟ್‌ನ ಪರದೆ ಮುಟ್ಟುತ್ತಾನೆ. ಏನೂ ಆಗುವುದಿಲ್ಲ. ಮತ್ತೆ ಒತ್ತುತ್ತಾನೆ, ಎರಡು ಪುಟ ಒಟ್ಟಿಗೇ ಸರಿಯುತ್ತವೆ. ‘ಮೆಲ್ಲಕೆ ಒತ್ತೋ’ ಎಂದು ನಾವು ಗದರುತ್ತೇವೆ. ತಪ್ಪು ನಿಜಕ್ಕೂ ಬೆರಳಿನದೇ? ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಸೇರಿ 2001ರಲ್ಲಿ ‘ಸಿಂಪ್ಯೂಟರ್’ ಮಾದರಿಯನ್ನು ತೋರಿಸಿದರು. ಅಂಗೈಯಲ್ಲಿ ಹಿಡಿಯಬಹುದಾದ ಈ ಗಣಕ ಲಿನಕ್ಸ್‌ನಿಂದ ನಡೆಯುತ್ತಿತ್ತು. ಪಾಮ್ ಓಎಸ್ ಹಾಗೂ ವಿಂಡೋಸ್ ಸಿಇ ಸಾಧನಗಳು ಅದರ ಪ್ರತಿಸ್ಪರ್ಧಿಗಳು. ಎಲ್ಲಕ್ಕೂ ಇದ್ದದ್ದು ರೋಧಕ ಪರದೆಯೇ. ಒತ್ತಿದಾಗ ಮೇಲಿನ ವಾಹಕ ಪದರ ಬಾಗಿ ಕೆಳಗಿನ ಪದರವನ್ನು ತಾಕುತ್ತದೆ. ಅಲ್ಲಿನ ವೋಲ್ಟೇಜು ಬಿಂದುವಿನ ಸ್ಥಾನ ತಿಳಿಸುತ್ತದೆ. ಉಗುರಾದರೂ ಸರಿ, ಕಡ್ಡಿಯಾದರೂ ಸರಿ, ಆದರೆ ಒತ್ತಲೇಬೇಕು.

2010ರಲ್ಲಿ ಬಂದ ಐಪ್ಯಾಡ್‌ನದು ಧಾರಕ ಪರದೆ. ಬೆರಳು ಸೋಕಿದೊಡನೆ ಧಾರಕತೆಯಲ್ಲಾಗುವ ವ್ಯತ್ಯಾಸವನ್ನು ಅದು ಅಳೆಯುತ್ತದೆ. ಮರುವರ್ಷ ಅಕ್ಟೋಬರ್ 5ರಂದು ವಿದ್ಯಾರ್ಥಿಗಳಿಗಾಗಿ ಬಿಡುಗಡೆಯಾದ ನಮ್ಮ ‘ಆಕಾಶ್’ಗೆ ರೋಧಕ ಪರದೆ, 366 ಮೆಗಾಹರ್ಟ್ಸ್ ಸಂಸ್ಕಾರಕ, ಆಂಡ್ರಾಯ್ಡ್ 2.2 ಇದ್ದವು. 2012ರ ಆಕಾಶ್-2ಕ್ಕೆ ಧಾರಕ ಪರದೆ ಬಂತು. (ಕೂಡ್ಲಿಗಿಯ ಸೇಂಗಾ ಹೊಲದಲ್ಲಿ ದಡ್ಡುಗಟ್ಟಿದ ಒಣ ಬೆರಳನ್ನು ಧಾರಕ ಪರದೆ ಕೆಲವೊಮ್ಮೆ ಗುರುತಿಸುವುದೇ ಇಲ್ಲ. ಈ ಒಂದು ವಿಷಯದಲ್ಲಿ ಹಳೆಯ ಪರದೆಯೇ ಮೇಲೆನ್ನಬೇಕು.)

ಹಾಗಾದರೆ ಎಲ್ಲವೂ ಗಾಜಿನ ಮಹಿಮೆಯೇ? ಅಲ್ಲ. 2012ರ ಆಂಡ್ರಾಯ್ಡ್ 4.1ರಲ್ಲಿ ‘ಪ್ರಾಜೆಕ್ಟ್ ಬಟರ್’ ಎಂಬ ಸುಧಾರಣೆಯಾಯಿತು. ಸೆಕೆಂಡಿಗೆ 60 ಸಲ, ಎಂದರೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ, ಪರದೆಯ ಚಿತ್ರ ಬದಲಾಗುತ್ತದೆ. ಚಿತ್ರ ಬರೆಯುವ ಕೆಲಸವನ್ನು ಈ ತಾಳಕ್ಕೆ ಹೊಂದಿಸಲಾಯಿತು. ಬೆರಳು ತಾಕಿದ ತಕ್ಷಣ, ನಿಧಾನಗತಿಯಲ್ಲಿದ್ದ ಸಂಸ್ಕಾರಕ ಪೂರ್ಣ ವೇಗಕ್ಕೇರುವಂತೆ ಮಾಡಲಾಯಿತು. ಗಾಜು ಅದೇ, ಬದಲಾದದ್ದು ತಂತ್ರಾಂಶ ಮಾತ್ರ.

2013ರಲ್ಲಿ ಅಗಾವಿ ಎಂಬ ಕಂಪನಿ ಫೋನುಗಳ ವಿಳಂಬವನ್ನು ಅಳೆಯಿತು. ಐಫೋನ್ 5ಕ್ಕೆ ಸುಮಾರು 55 ಮಿಲಿಸೆಕೆಂಡು, ಆಂಡ್ರಾಯ್ಡ್‌ನ ಗ್ಯಾಲಕ್ಸಿ ಎಸ್4ಗೆ 114. ಇದನ್ನು ಕಾರ್ಯಾಚರಣ ವ್ಯವಸ್ಥೆಯ ಗೆಲುವೆಂದು ಹಲವರು ಕೊಂಡಾಡಿದರು. ಆದರೆ ಅದೇ ಪಟ್ಟಿಯಲ್ಲಿ ಐಫೋನ್ 4ಕ್ಕೆ 85 ಇತ್ತು! ಸಂವೇದಕ, ಸಂಸ್ಕಾರಕ, ತಂತ್ರಾಂಶ, ಪರದೆ ಒಂದೊಂದೂ ತನ್ನ ಪಾಲಿನ ತಡವನ್ನು ಸೇರಿಸುತ್ತದೆ. ಆ ಮೊತ್ತವನ್ನು ಒಂದೇ ಹೆಸರಿಗೆ ಬರೆಯಲಾಗದು.

ಹಗರಿಬೊಮ್ಮನಹಳ್ಳಿಯಾಗಲಿ ಹರಪನಹಳ್ಳಿಯಾಗಲಿ, ನಿಮ್ಮ ಶಾಲೆಯಲ್ಲೇ ಇದನ್ನು ಅಳೆಯಬಹುದು. ಟ್ಯಾಬ್ಲೆಟ್‌ನಲ್ಲಿ ಚಿತ್ರ ಬರೆಯುವ ತಂತ್ರಾಂಶ ತೆರೆದು, ಪರದೆಯ ಅಂಚಿಗೆ ಅಳತೆಪಟ್ಟಿ ಇಡಿ. ವಿದ್ಯಾರ್ಥಿಯೊಬ್ಬ ಬೆರಳಿನಿಂದ ಸರ್ರನೆ ಗೆರೆ ಎಳೆಯಲಿ. ಸೆಕೆಂಡಿಗೆ 240 ಚಿತ್ರ ತೆಗೆಯಬಲ್ಲ ಫೋನಿನಲ್ಲಿ ಅದನ್ನು ಸೆರೆಹಿಡಿಯಿರಿ. ಪಟ್ಟಿಯ ಒಂದು ಗುರುತನ್ನು ಬೆರಳು ದಾಟಿದ ಮೇಲೆ, ಗೆರೆಯ ತುದಿ ಅಲ್ಲಿಗೆ ಬರುವಷ್ಟರಲ್ಲಿ ಎಷ್ಟು ಚಿತ್ರಗಳು ಕಳೆದವೆಂದು ಎಣಿಸಿ. 24 ಕಳೆದರೆ ವಿಳಂಬ 100 ಮಿಲಿಸೆಕೆಂಡು. ಎರಡು ಬಗೆಯ ಟ್ಯಾಬ್ಲೆಟ್‌ಗಳಿದ್ದರೆ ಅದೇ ವಿದ್ಯಾರ್ಥಿ ಎರಡರಲ್ಲೂ ಹತ್ತು ಹತ್ತು ಸಲ ಎಳೆಯಲಿ, ಸರಾಸರಿ ತೆಗೆಯಿರಿ. ಪರದೆಯ ಮೇಲಿನ ದೂಳನ್ನು ಮೊದಲೇ ಒರೆಸಿಡಿ.