ಕುಲುಮೆಯ ಬಾಕಿ

ಹಗರೆಯಿಂದ ಬೇಲೂರಿಗೆ ಹೋದ ನಾವೆಲ್ಲ ಹುಲಿಯನ್ನು ಇರಿಯುವ ಸಳನನ್ನು ನೋಡಿದ್ದೇವೆ. ಆಯುಧ ಬಡಿಯುವ ಕಮ್ಮಾರನನ್ನು ನೆನೆದವರು ಕಡಿಮೆ. ಮೈಸೂರು ಸೀಮೆಯಲ್ಲಿ ಕಬ್ಬಿಣ, ಉಕ್ಕು ಮಾಡುತ್ತಿದ್ದುದನ್ನು ಬುಕಾನನ್ ಸಾಹೇಬರು 1800-01ರಲ್ಲೇ ಕಂಡು ಬರೆದಿಟ್ಟರು. 1923ರಲ್ಲಿ ಭದ್ರಾವತಿ ಕಾರ್ಖಾನೆ ಶುರುವಾಯಿತು. ಮುಂದೆ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯೇ ಮಚ್ಚಾಯಿತು. ಕಾಯಿಸಿ, ಬಡಿದು, ನೀರಿಗದ್ದಿ ಹದ ಕೊಟ್ಟರೆ ಅಲಗು. ಹಿಡಿಗೆ ಒಣಗಿದ ಗಟ್ಟಿ ಮರವೇ ಆಗಬೇಕು. ಹಸಿಯಾದರೆ ಒಣಗಿ ಸಡಿಲವಾಗುತ್ತೆ. ಬಿರಿಯದಂತೆ ಅಣಸು ಬೇಕು. ಇಷ್ಟಕ್ಕೂ ಕೂಲಿ ದುಡ್ಡಲ್ಲ, ಸುಗ್ಗಿಯಲ್ಲಿ ಕಣದಿಂದ ಅಳೆದುಕೊಡುವ ಆಯ. ಸಂಘ ಹುಟ್ಟುವ ಮೊದಲೇ ಹಳ್ಳಿಗಳಲ್ಲಿದ್ದ ಸಹಕಾರವದು! ಈಗ ಪ್ಲಾಸ್ಟಿಕ್ ಹಿಡಿಯ ಚಾಕು ಅಂಗಡಿಯಲ್ಲೇ ಸಿಗುತ್ತೆ. ಆದರೆ ಮೊಂಡಾದ ಕುಡುಗೋಲು ಹಣಿಸೋಕೆ ಕುಲುಮೆಯೇ ಬೇಕು. ಅದು ಆರಿಹೋದರೆ ಯಾರ ಬಾಗಿಲಿಗೆ ಹೋಗೋಣ? ಸಂಘದ ಬಾಕಿ ತೀರಿಸುವ ನಾವು, ಬೆಳ್ಳಿಹಬ್ಬದ ಈ ಹೊತ್ತಿನಲ್ಲಿ ಕುಲುಮೆಯ ಬಾಕಿಯನ್ನೂ ಮರೆಯದಿರೋಣ.