ಪ್ಲಾಸ್ಟಿಕ್ಕಿನ ಪೆಡಸುತನವೂ ರಬ್ಬರಿನ ಕಣವೂ: ಒಂದು ಐತಿಹಾಸಿಕ ಪರಿಶೀಲನೆ

ಗಾಜಿನಂತೆ ಹೊಳೆಯುವ ಪಾಲಿಸ್ಟೈರೀನ್ ಗಾಜಿನಂತೆಯೇ ಒಡೆಯುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಅದಕ್ಕೆ ಅಲ್ಪಪ್ರಮಾಣದ ರಬ್ಬರನ್ನು ಕೂಡಿಸಿದರೆ ಪೆಟ್ಟು ತಾಳುವ ಶಕ್ತಿ ಬರುವುದು. ರಬ್ಬರೇ ಪೆಟ್ಟನ್ನು ಹೀರಿಕೊಳ್ಳುವುದರಿಂದ ಹೀಗಾಗುವುದೆಂದು ಹೇಳುವ ವಾಡಿಕೆಯುಂಟು. ಈ ಮಾತು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ನಾವಿಲ್ಲಿ ಪರಿಶೀಲಿಸಬಯಸುತ್ತೇವೆ.

ಸ್ಟೈರೀನಿನಲ್ಲಿ ರಬ್ಬರನ್ನು ಕರಗಿಸಿ ಪಾಲಿಮರೀಕರಿಸುವ ವಿಧಾನಕ್ಕೆ ಆಸ್ಟ್ರೊಮಿಸ್ಲೆನ್ಸ್ಕಿಯವರು 1927ರಲ್ಲಿ ಪೇಟೆಂಟ್ ಪಡೆದರು. ಇಂಥ ಪಾಲಿಸ್ಟೈರೀನ್ 1940ರ ದಶಕದ ಕೊನೆಗೆ ಅಮೆರಿಕದ ಮಾರುಕಟ್ಟೆಗೆ ಬಂದಿತು. ಕಾರಣದ ವಿವರಣೆಯಾದರೋ ಕಾರ್ಯವನ್ನು ಹಿಂಬಾಲಿಸಿತು. ಬಿರುಕಿನ ಎರಡು ದಡಗಳನ್ನು ರಬ್ಬರಿನ ಕಣಗಳು ಸೇತುವೆಯಂತೆ ಹಿಡಿದು, ತಾವು ಹಿಗ್ಗುತ್ತ ಶಕ್ತಿಯನ್ನು ಹೀರುವುವೆಂದು 1956ರಲ್ಲಿ ಮೆರ್ಟ್ಸ್, ಕ್ಲೇವರ್ ಮತ್ತು ಬೇಯರ್ ಪ್ರತಿಪಾದಿಸಿದರು. ಆದರೆ ಒಡೆಯುವಾಗ ವ್ಯಯವಾಗುವ ಶಕ್ತಿಗೆ ಈ ಹಿಗ್ಗುವಿಕೆಯೊಂದೇ ಸಾಲದು. ಪೆಟ್ಟು ಬಿದ್ದೆಡೆ ತೋರುವ ಬಿಳುಪನ್ನು 1965ರಲ್ಲಿ ಬಕ್ನಾಲ್ ಮತ್ತು ಸ್ಮಿತ್ ಪರೀಕ್ಷಿಸಿ, ಕಣಗಳ ಸುತ್ತ ಏಳುವ ಅಸಂಖ್ಯ ಸೂಕ್ಷ್ಮ ಸೀಳುಗಳೇ ಅದಕ್ಕೆ ಕಾರಣವೆಂದು ತೋರಿಸಿದರು. ಈ ಸೀಳುಗಳನ್ನು ಪ್ಲಾಸ್ಟಿಕ್ಕಿನ ಎಳೆಗಳು ಹೆಣೆದಿರುತ್ತವೆ. ಶಕ್ತಿಯ ಬಹುಭಾಗವನ್ನು ಹೀರುವುದು ಆ ಪ್ಲಾಸ್ಟಿಕ್ಕೇ. ರಬ್ಬರಿನ ಕಣವು ಪ್ರೇರಕಮಾತ್ರ.

ಹಾಗಾದಲ್ಲಿ ರಬ್ಬರಿನ ಪ್ರಮಾಣಕ್ಕಿಂತ ಕಣದ ರೂಪಕ್ಕೆ ಹೆಚ್ಚಿನ ಮಹತ್ವವುಂಟೆಂದಾಯಿತು. ಪಾಲಿಸ್ಟೈರೀನಿಗೆ ಒಂದು ಮೈಕ್ರಾನಿಗಿಂತ ದೊಡ್ಡ ಕಣಗಳು ಹಿತ. ಸೀಳುವುದಕ್ಕಿಂತ ಜಾರಿ ಮಣಿಯುವ ಪಿವಿಸಿಗೆ 0.2 ಮೈಕ್ರಾನಿನಷ್ಟು ಸಣ್ಣವೂ ಸಾಕು. ಬೆರೆಸುವ ಮೊದಲೇ ಗಾತ್ರವನ್ನು ನಿಶ್ಚಯಿಸಲು ಒದಗಿದುದು ತಿರುಳು-ಕವಚದ ಲೇಟೆಕ್ಸ್. ಸಾಬೂನುನೀರಿನಲ್ಲಿ ಮೊದಲು ಪಾಲಿಬ್ಯುಟಡೈಯೀನಿನ ತಿರುಳನ್ನು ಬೆಳೆಸುವರು. ಅದರ ಮೇಲೆ ಸ್ಟೈರೀನನ್ನೂ ಮೀಥೈಲ್ ಮೆಥಾಕ್ರಿಲೇಟನ್ನೂ ಪಾಲಿಮರೀಕರಿಸಿ ಕವಚ ಕಟ್ಟುವರು. ಎಂಬಿಎಸ್ ಎಂದು ಹೆಸರಾದ ಇದು 1950ರ ದಶಕದ ಕೊನೆಯಿಂದ ಪಿವಿಸಿಗೆ ಬಳಕೆಯಾಯಿತು. ಗಡುಸಾದ ಕವಚವು ಒಣಗಿಸುವಾಗ ತಿರುಳುಗಳು ಒಂದಕ್ಕೊಂದು ಅಂಟದಂತೆ ಕಾಯುವುದು, ಪಿವಿಸಿಯೊಡನೆ ಬೆಸೆದುಕೊಳ್ಳುವುದು. ಸ್ಟೈರೀನಿನ ಪಾಲನ್ನು ಹೊಂದಿಸಿ ಕಣದ ವಕ್ರೀಭವನಾಂಕವನ್ನು ಪಿವಿಸಿಯದಕ್ಕೆ ಸರಿಗಟ್ಟಿಸಿದರೆ ಪಾರದರ್ಶಕತೆಯೂ ಉಳಿಯುವುದು.

1985ರಲ್ಲಿ ನೈಲಾನಿನ ಮೇಲೆ ಪ್ರಯೋಗ ನಡೆಸಿದ ವೂ ಅವರು ನೆರೆಕಣಗಳ ನಡುವಣ ಅಂತರವೇ ನಿರ್ಣಾಯಕವೆಂದು ತೋರಿಸಿದುದು ಇದೇ ವಿಚಾರಸರಣಿಯ ಮುಂದುವರಿಕೆ. ಆದುದರಿಂದ ರಬ್ಬರು ಪೆಟ್ಟನ್ನು ನುಂಗುವುದೆಂಬ ಮಾತು ಪಾಠಹೇಳುವಾಗ ಸುಲಭವೆನಿಸಿದರೂ ಅಪೂರ್ಣವೆಂದು ನಾವು ಭಾವಿಸುತ್ತೇವೆ. ಪ್ಲಾಸ್ಟಿಕ್ಕು ಮುರಿಯುವ ಮೊದಲು ಮಣಿಯುವಂತೆ ಮಾಡುವುದೇ ಕಣದ ಕೆಲಸ. ಈ ತಿಳಿವು ಮೂಡಿದ ಮೇಲೆಯೇ ಕಣದ ರಚನೆ ಊಹೆಯನ್ನು ಬಿಟ್ಟು ಶಾಸ್ತ್ರದ ಹಾದಿ ಹಿಡಿಯಿತು.