ಪೆಟ್ರೋಲ್ ಬಂಕ್‌ಗಳಿಂದ ಅಂತರ್ಜಲ ಮಾಲಿನ್ಯ

ಪೆಟ್ರೋಲ್ ಬಂಕ್‌ಗಳ ನೆಲದಡಿಯ ಟ್ಯಾಂಕ್ ಅಥವಾ ಕೊಳವೆಗಳಿಂದ ಸೋರಿದ ಇಂಧನವು ಮಣ್ಣಿನ ಮೂಲಕ ಇಳಿದು ಅಂತರ್ಜಲವನ್ನು ಸೇರುವುದರಿಂದ ಈ ಮಾಲಿನ್ಯ ಉಂಟಾಗುತ್ತದೆ. ತುಕ್ಕು ಹಿಡಿದ ಉಕ್ಕಿನ ಟ್ಯಾಂಕ್, ಸಡಿಲಗೊಂಡ ಕೊಳವೆ ಜೋಡಣೆ ಮತ್ತು ಟ್ಯಾಂಕರ್‌ನಿಂದ ಇಂಧನ ಇಳಿಸುವಾಗ ಆಗುವ ಚೆಲ್ಲುವಿಕೆ ಇದರ ಸಾಮಾನ್ಯ ಕಾರಣಗಳು. ಸಣ್ಣ ಸೋರಿಕೆಯು ದಾಸ್ತಾನಿನ ಲೆಕ್ಕದಲ್ಲಿ ಕಾಣದೆ ವರ್ಷಗಟ್ಟಲೆ ಮುಂದುವರಿಯಬಹುದು. ನೆರೆಯ ಬಾವಿಯ ನೀರಿನಲ್ಲಿ ವಾಸನೆ ಬಂದ ಮೇಲಷ್ಟೇ ಅದು ಬೆಳಕಿಗೆ ಬರುವುದೂ ಉಂಟು.

ಹರಡುವ ಬಗೆ

ಪೆಟ್ರೋಲ್ ನೀರಿಗಿಂತ ಹಗುರವಾದ್ದರಿಂದ ಅಂತರ್ಜಲದ ಮೇಲೆ ಪದರವಾಗಿ ತೇಲುತ್ತದೆ. ಮಳೆಗಾಲ ಮತ್ತು ಬೇಸಿಗೆಗಳಲ್ಲಿ ನೀರಿನ ಮಟ್ಟ ಏರಿಳಿದಂತೆ ಈ ಪದರವು ಮೇಲಿನ ಮತ್ತು ಕೆಳಗಿನ ಮಣ್ಣಿಗೆಲ್ಲ ಮೆತ್ತಿಕೊಳ್ಳುತ್ತದೆ. ಅದರಲ್ಲಿರುವ ಬೆಂಜೀನ್, ಟೊಲ್ವೀನ್, ಈಥೈಲ್ ಬೆಂಜೀನ್ ಮತ್ತು ಕ್ಸೈಲೀನ್‌ಗಳು ನೀರಿನಲ್ಲಿ ಕರಗಿ ಮುಂದೆ ಸಾಗುತ್ತವೆ. ಬೆಂಜೀನ್ ಕ್ಯಾನ್ಸರ್‌ಕಾರಕ, ಅಮೆರಿಕದಲ್ಲಿ ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 5 ಮೈಕ್ರೊಗ್ರಾಂ. ಕಣ್ಣಿಗೆ ಕಾಣುವ ತೈಲವನ್ನು ತೆಗೆದ ಮಾತ್ರಕ್ಕೆ ನೀರು ಶುದ್ಧವಾಯಿತೆಂದು ಹೇಳಲಾಗದಿರುವುದು ಇದೇ ಕಾರಣಕ್ಕೆ.

ನಿಗಾ

ಬಂಕ್‌ನ ಸುತ್ತ ಸಣ್ಣ ವೀಕ್ಷಣಾ ಬಾವಿಗಳನ್ನು ಕೊರೆಯಲಾಗುತ್ತದೆ. ನೀರು ಹರಿಯುವ ದಿಕ್ಕನ್ನು ತಿಳಿಯಲು ಒಂದೇ ಸಾಲಿನಲ್ಲಿಲ್ಲದ ಕನಿಷ್ಠ ಮೂರು ಬಾವಿಗಳ ನೀರಿನ ಮಟ್ಟ ಬೇಕು. ಕರ್ನಾಟಕದ ಬಹುಭಾಗದಲ್ಲಿರುವಂತಹ ಗಟ್ಟಿ ಶಿಲೆಯಲ್ಲಿ ನೀರು ಬಿರುಕುಗಳ ಮೂಲಕ ಹರಿಯುವುದರಿಂದ ಈ ಲೆಕ್ಕಾಚಾರ ಸುಲಭವಾಗಿ ತಪ್ಪುತ್ತದೆ. ಬಾವಿಯಲ್ಲಿ ನಿಂತ ನೀರನ್ನು ಮೊದಲು ಹೊರತೆಗೆದು, ಹೊಸದಾಗಿ ಒಸರಿದ ನೀರನ್ನು ಗಾಳಿಗುಳ್ಳೆ ಉಳಿಯದಂತೆ ಗಾಜಿನ ಸೀಸೆಗೆ ತುಂಬಿ, ತಂಪಾಗಿರಿಸಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಸೀಸೆಯಲ್ಲಿ ಗಾಳಿ ಉಳಿದರೆ ಬೆಂಜೀನ್ ಆವಿಯಾಗಿ, ಇರುವುದಕ್ಕಿಂತ ಕಡಿಮೆ ಮಾಲಿನ್ಯ ಕಾಣಿಸುತ್ತದೆ.

ಶುದ್ಧೀಕರಣ

ಮೊದಲು ಸೋರಿಕೆಯನ್ನು ನಿಲ್ಲಿಸಿ, ತೇಲುವ ಇಂಧನವನ್ನು ಪಂಪ್‌ನಿಂದ ತೆಗೆಯಲಾಗುತ್ತದೆ. ಮಣ್ಣಿನಲ್ಲಿ ಉಳಿದುದನ್ನು ಆವಿಯ ರೂಪದಲ್ಲಿ ಹೀರಿ ತೆಗೆಯುವುದು, ನೀರಿನೊಳಕ್ಕೆ ಗಾಳಿ ಊದುವುದು, ನೀರನ್ನು ಮೇಲೆತ್ತಿ ಸಕ್ರಿಯ ಇದ್ದಿಲಿನ ಮೂಲಕ ಹಾಯಿಸುವುದು ಬಳಕೆಯಲ್ಲಿರುವ ವಿಧಾನಗಳು. ಮಣ್ಣಿನ ಬ್ಯಾಕ್ಟೀರಿಯಾಗಳೂ ಬೆಂಜೀನನ್ನು ಒಡೆಯುತ್ತವೆ; ಹತ್ತಿರದಲ್ಲಿ ಕುಡಿಯುವ ನೀರಿನ ಬಾವಿ ಇಲ್ಲದಿದ್ದರೆ, ನಿಗಾ ಇಟ್ಟು ಅವುಗಳ ಕೆಲಸಕ್ಕೇ ಬಿಡುವುದುಂಟು. ಯಂತ್ರಗಳನ್ನು ನಿಲ್ಲಿಸಿದ ಬಳಿಕ ಮಣ್ಣಿನಲ್ಲಿ ಅಡಗಿದ್ದ ಇಂಧನ ಮತ್ತೆ ಕರಗಿ ಮಾಲಿನ್ಯದ ಪ್ರಮಾಣ ಏರಬಹುದು. ಆದ್ದರಿಂದ ಒಂದೆರಡು ಉತ್ತಮ ಫಲಿತಾಂಶಗಳನ್ನು ನಂಬಿ ನಿಗಾವನ್ನು ಕೈಬಿಡುವುದು ಅವಸರದ ನಿರ್ಧಾರ.

ಸಾಂಟಾ ಮೋನಿಕಾ ಪ್ರಕರಣ

ಸೀಸಕ್ಕೆ ಬದಲಾಗಿ ಅಮೆರಿಕದಲ್ಲಿ 1979ರಿಂದ ಪೆಟ್ರೋಲಿಗೆ ಎಂಟಿಬಿಇ (ಮೀಥೈಲ್ ಟರ್ಷಿಯರಿ ಬ್ಯೂಟೈಲ್ ಈಥರ್) ಎಂಬ ರಾಸಾಯನಿಕವನ್ನು ಬೆರೆಸಲಾಯಿತು. ಹೊಗೆಯ ಮಾಲಿನ್ಯವನ್ನು ತಗ್ಗಿಸಲೆಂದು 1990ರ ದಶಕದಲ್ಲಿ ಇದರ ಬಳಕೆ ಇನ್ನಷ್ಟು ಹೆಚ್ಚಿತು. ಗಾಳಿಗಾಗಿ ಕೈಗೊಂಡ ಕ್ರಮವು ನೀರಿಗೆ ಮುಳುವಾಯಿತು: ಎಂಟಿಬಿಇ ಬೆಂಜೀನ್‌ಗಿಂತ ಬಹುಪಟ್ಟು ಹೆಚ್ಚು ಕರಗುತ್ತದೆ, ಮಣ್ಣಿಗೆ ಅಂಟುವುದಿಲ್ಲ, ಬ್ಯಾಕ್ಟೀರಿಯಾಗಳಿಂದ ಬೇಗನೆ ಒಡೆಯುವುದೂ ಇಲ್ಲ. ಅಲ್ಪ ಪ್ರಮಾಣದಲ್ಲಿದ್ದರೂ ನೀರಿಗೆ ಟರ್ಪೆಂಟೈನ್‌ನಂತಹ ರುಚಿ, ವಾಸನೆ ಬರುತ್ತದೆ.

ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರಕ್ಕೆ ನೀರೊದಗಿಸುತ್ತಿದ್ದ ಚಾರ್ನಾಕ್‌ನ ಐದು ಬಾವಿಗಳನ್ನು ಈ ಕಾರಣದಿಂದ 1996ರಲ್ಲಿ ಮುಚ್ಚಬೇಕಾಯಿತು. ಅಲ್ಲಿ ಎಂಟಿಬಿಇ ಪ್ರಮಾಣವು ಲೀಟರಿಗೆ 610 ಮೈಕ್ರೊಗ್ರಾಂವರೆಗೆ ಏರಿತ್ತು. ಕ್ಯಾಲಿಫೋರ್ನಿಯಾ ಮುಂದೆ ನಿಗದಿಪಡಿಸಿದ ಆರೋಗ್ಯ ಮಿತಿ 13 ಮೈಕ್ರೊಗ್ರಾಂ. ಅರ್ಕೇಡಿಯಾ ಬಾವಿಗಳೂ ಮಲಿನಗೊಂಡು, ನಗರವು ತನ್ನ ನೀರಿನ ಸುಮಾರು ಅರ್ಧಭಾಗವನ್ನು ಕಳೆದುಕೊಂಡಿತು ಮತ್ತು ದೂರದಿಂದ ಬರುವ ನೀರನ್ನು ಕೊಂಡುಕೊಳ್ಳಬೇಕಾಯಿತು. ಸುತ್ತಮುತ್ತಲಿನ ಹಲವು ಬಂಕ್‌ಗಳು ಮಾಲಿನ್ಯದ ಮೂಲವೆಂದು ಗುರುತಿಸಲ್ಪಟ್ಟವು. ತೈಲ ಕಂಪನಿಗಳ ವಿರುದ್ಧ ನಗರವು ಹೂಡಿದ ದಾವೆ ರಾಜಿಯಲ್ಲಿ ಮುಗಿಯಿತು. 2003ರ ಅಂತ್ಯಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಎಂಟಿಬಿಇ ಬಳಕೆ ನಿಂತಿತು. ಸಕ್ರಿಯ ಇದ್ದಿಲಿನ ಸೋಸುವ ಘಟಕವನ್ನು ನಿರ್ಮಿಸಿ ಚಾರ್ನಾಕ್ ನೀರನ್ನು ಮರಳಿ ಬಳಕೆಗೆ ತಂದದ್ದು 2010–11ರ ಹೊತ್ತಿಗೆ.